ಗುಂಪೆ ಗುಡ್ಡೆಯ ನೀಲಿ ಹೂ

ಕಾಸರಗೋಡಿನ ಪೊಸಡಿ ಗುಂಪೆ ಗುಡ್ಡೆಗೆ ಜನ ಹತ್ತುವುದು ದೂರ ನೋಡಲಿಕ್ಕೆ. ಸಾವಿರ ಅಡಿಗಿಂತ ಸ್ವಲ್ಪ ಜಾಸ್ತಿ ಎತ್ತರ, ಮೋಡ ಸರಿದರೆ ಪಡುಬದಿಯಲ್ಲಿ ಕಡಲು ಕಾಣುತ್ತದೆ. ಈ ಸಲ ಮಳೆಗಾಲದ ಆಟಿ ತಿಂಗಳಲ್ಲಿ ನಾನು ಕ್ಯಾಮೆರಾ ಹಿಡಿದು ಹೋದದ್ದು ಕಾಲಬುಡ ನೋಡಲಿಕ್ಕೆ.

ಬೇಸಿಗೆಯಲ್ಲಿ ಇಲ್ಲಿ ಬರೀ ಒಣಹುಲ್ಲು, ಕಾದ ಮುರಕಲ್ಲು. ಮಳೆ ಹಿಡಿಯಿತೋ, ಕಲ್ಲಿನ ಹೊಂಡಗಳಲ್ಲಿ ನೀರು ನಿಂತು ಅದರ ಸುತ್ತ ನೀಲಿ ಹೂ ಏಳುತ್ತದೆ. ಮಲಯಾಳದವರು ಕಾಕ್ಕಪ್ಪೂವು ಅಂತ ಓಣಂನ ಹೂರಂಗೋಲಿಗೆ ಹಾಕುತ್ತಾರಲ್ಲ, ಅದೇ. ಸಸ್ಯಶಾಸ್ತ್ರದವರ ಹೆಸರು ಯುಟ್ರಿಕ್ಯುಲೇರಿಯಾ. ಇಲ್ಲಿ ಮಣ್ಣೂ ಕಡಿಮೆ, ಸಾರವೂ ಕಡಿಮೆ, ಹಾಗಾಗಿ ಈ ಗಿಡ ಕೆಸರಿನೊಳಗೆ ತೀರಾ ಸಣ್ಣ ಚೀಲಗಳನ್ನು ಇಟ್ಟುಕೊಂಡು, ಬಾಗಿಲಿನ ಕೂದಲಿಗೆ ಹುಳ ತಾಗಿದ ಕೂಡಲೇ ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಮೇಲೆ ನೋಡಿದರೆ ಎಷ್ಟು ಸಾಧು!

ನಿಂತುಕೊಂಡು ತೆಗೆದರೆ ಇದು ಬರೀ ನೀಲಿ ಚುಕ್ಕೆ. ಪ್ಲಾಸ್ಟಿಕ್ ಹಾಸಿ ಕವುಚಿ ಮಲಗಬೇಕು, ಲೆನ್ಸ್ ಹೂವಿನ ಮಟ್ಟಕ್ಕೆ ಬರಬೇಕು, ಆಗ ಎಸಳಿನ ಮೇಲಿನ ಬಲೆಯಂಥ ಗೆರೆಗಳು ಒಂದೊಂದೇ ಕಾಣುತ್ತವೆ. ಮೋಡದ ಬೆಳಕೇ ಒಳ್ಳೆಯದು, ಬಿಸಿಲಿಗೆ ಆ ನೀಲಿ ಬಿಳಿಚಿಕೊಳ್ಳುತ್ತದೆ. ತೊಂದರೆ ಗಾಳಿಯದ್ದು. ಅದು ನಿಲ್ಲುವವರೆಗೆ ಸುಮ್ನೆ ಕಾಯಬೇಕು, ಬೇರೆ ದಾರಿ ಇಲ್ಲ.

ಪಕ್ಕದ ಹುಲ್ಲಲ್ಲಿ ಹುಳ ಹಿಡಿಯುವ ಇನ್ನೊಂದು ಗಿಡ, ಡ್ರೊಸೆರಾ ಇತ್ತು. ಎಲೆಯ ಪ್ರತಿ ಕೂದಲ ತುದಿಗೂ ಒಂದು ಅಂಟಿನ ಹನಿ, ಒಂದರಲ್ಲಿ ನುಸಿ ಸಿಕ್ಕಿ ಇನ್ನೂ ಕಾಲಾಡಿಸುತ್ತಿತ್ತು. ಬೆಳಕು ಹಿಂದಿನಿಂದ ಬರುವಂತೆ ಮಗ್ಗುಲಾದೆ, ಹನಿಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಆ ದಿನದ ನನ್ನ ಇಷ್ಟದ ಫೋಟೋ ಅದೇ.

ಇಂಥ ಪಾರೆಗಳನ್ನು, ಅಂದರೆ ಮುರಕಲ್ಲಿನ ಬಯಲುಗಳನ್ನು, ಪಾಳು ಜಾಗ ಅಂತ ಕರೆದು ಕಲ್ಲುಕೋರೆಗೆ ಕೊಡುತ್ತಾರಲ್ಲ, ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕಣ್ಣೂರಿನ ಮಾಡಾಯಿಪ್ಪಾರೆಯಲ್ಲಿ ಸಿಕ್ಕಿದ ಒಂದು ಸಸ್ಯಕ್ಕೆ ಆ ಪಾರೆಯ ಹೆಸರನ್ನೇ ಇಟ್ಟಿದ್ದಾರೆ, ಎರಿಯೋಕಾಲಾನ್ ಮಾಡಾಯಿಪಾರೆನ್ಸೆ ಅಂತ. ಕಲ್ಲು ಕೊಯ್ದುಕೊಂಡು ಹೋದ ಜಾಗದಲ್ಲಿ ಮತ್ತೆ ಇಂಥವು ಏಳುವುದು ಹೇಗೆ?

ದನ ಹೊಡೆದುಕೊಂಡು ಬಂದ ಅಕ್ಕ ಒಬ್ಬರು, "ಎಂತ ಬಿದ್ದುಹೋಯ್ತು ಮಾರಾಯ್ರೇ, ನಾನೂ ಹುಡುಕಲಾ?" ಅಂದರು. ಕ್ಯಾಮೆರಾ ತೋರಿಸಿದೆ. ದೊಡ್ಡದು ಮಾಡಿ ನೋಡಿದರು, ಮತ್ತೆ ಕೆಳಗೆ ಹೂವನ್ನು ನೋಡಿದರು, ದನವನ್ನು ಆಚೆ ಅಟ್ಟಿದರು. "ಹಳದಿಯದ್ದೂ ಉಂಟಲ್ವಾ, ಅದು ಕೆಳಗೆ ಗದ್ದೆಯ ಬದಿಯಲ್ಲಿ. ಚೌತಿ ಕಳೆದು ಬನ್ನಿ, ತೋರಿಸ್ತೇನೆ."

ಚೌತಿಯ ಮರುದಿನಕ್ಕೆ ರಜೆ ಬರೆದುಕೊಟ್ಟಿದ್ದೇನೆ.