ಮುಂದೊಂದು ದಿನ ಓದಲೆಂದು ಬರೆದಿಡುವ ಪತ್ರದಲ್ಲಿ ಏನಿರಬೇಕು?

ಗುಣವಾಗದ ಕಾಯಿಲೆಯವರ ನೋವು ತಗ್ಗಿಸಿ ನೋಡಿಕೊಳ್ಳುವ ಒಂದು ಉಪಶಾಮಕ ಆರೈಕೆ ಕೇಂದ್ರಕ್ಕೆ ನಾನು ಸ್ವಯಂಸೇವಕಿಯಾಗಿ ಹೋಗುತ್ತೇನೆ. ಕೈ ನಡುಗುವವರು, ಕಣ್ಣು ಮಂಜಾದವರು ತಮ್ಮವರಿಗೆ ಹೇಳಬೇಕೆಂದುಕೊಂಡದ್ದನ್ನು ಬರೆದುಕೊಡುವುದು ಅಲ್ಲಿ ನನ್ನ ಪಾಲಿನ ಕೆಲಸ. ಇದನ್ನು ತಿಳಿದ ನೆಂಟರಿಷ್ಟರು, ಆರೋಗ್ಯವಾಗಿರುವವರು ಕೂಡ, ಮತ್ತೆ ಮತ್ತೆ ಒಂದೇ ಪ್ರಶ್ನೆ ಕೇಳುತ್ತಾರೆ: ಮಗಳಿಗೆ ಹದಿನೆಂಟು ತುಂಬಿದ ದಿನವೋ, ಮೊಮ್ಮಗ ಕೆಲಸಕ್ಕೆ ಸೇರಿದ ದಿನವೋ ಕೈಗೆ ಸೇರಲಿ ಎಂದು ಈಗಲೇ ಒಂದು ಪತ್ರ ಬರೆದಿಡುವ ಆಸೆಯಿದೆ, ಆದರೆ ಕಾಗದದ ಮುಂದೆ ಕುಳಿತರೆ ಏನೂ ತೋಚುವುದಿಲ್ಲ, ಏನು ಬರೆಯಲಿ?

ಮಗಳು ಮುಂದೆ ಏನಾಗಬೇಕು ಎಂಬುದನ್ನು ಆದಷ್ಟು ಬಿಟ್ಟುಬಿಡಿ, ಅವಳು ಈಗ ಹೇಗಿದ್ದಾಳೆ ಮತ್ತು ನೀವು ಯಾರು ಎಂಬುದನ್ನು ಬರೆಯಿರಿ ಎಂಬುದೇ ನನ್ನ ಉತ್ತರ. ಹದಿನೈದು ವರ್ಷದ ನಂತರ ಆ ಲಕೋಟೆ ಒಡೆಯುವವಳನ್ನು ನಾವು ಇನ್ನೂ ನೋಡಿಲ್ಲ. ಅವಳು ಮದುವೆಯೇ ಬೇಡವೆಂದಿರಬಹುದು, ನಾವು ಹೆಸರು ಕೇಳದ ಊರಿನಲ್ಲಿ ನೆಲೆಸಿರಬಹುದು, ನಾವು ಮೆಚ್ಚದ ಕೆಲಸವನ್ನು ಪ್ರೀತಿಯಿಂದ ಮಾಡುತ್ತಿರಬಹುದು. ಬದುಕಿರುವ ಅಮ್ಮ "ಇಂಜಿನಿಯರಿಂಗೇ ಓದು" ಎಂದರೆ ಮಗಳು ಜಗಳವಾಡಬಹುದು, ಮುನಿಸಿಕೊಳ್ಳಬಹುದು, ಕೊನೆಗೆ ಒಪ್ಪಿಸಲೂಬಹುದು. ಆದರೆ ತೀರಿಕೊಂಡವರು ಬರೆದಿಟ್ಟ ಮಾತಿನೊಂದಿಗೆ ವಾದ ಮಾಡುವುದು ಹೇಗೆ? ಅದನ್ನು ಮೀರಿದರೆ ದ್ರೋಹವೆನ್ನಿಸುತ್ತದೆ, ಪಾಲಿಸಿದರೆ ಬದುಕು ತನ್ನದಲ್ಲವೆನ್ನಿಸುತ್ತದೆ. "ತಮ್ಮನನ್ನು ಎಂದಿಗೂ ಕೈಬಿಡಬೇಡ" ಎಂಬ ಒಂದು ಸಾಲು, ಬರೆಯುವಾಗ ಎಷ್ಟೇ ಮಮತೆಯದಾಗಿರಲಿ, ಇಪ್ಪತ್ತರ ಹುಡುಗಿಯ ತಲೆಯ ಮೇಲೆ ಹೊರಿಸಿದ ಹೊರೆಯೇ ಸರಿ. ಹಾಗಾಗಿ ಯಾರಾದರೂ ಇಂಥ ಸಾಲು ಹೇಳಿದಾಗ, ಬರೆಯುವ ಮೊದಲು "ಇದನ್ನು ನಿಮ್ಮ ಆಸೆ ಎಂದು ಬರೆಯಲೇ, ಅಪ್ಪಣೆ ಎಂದು ಬರೆಯಲೇ?" ಎಂದು ಕೇಳುತ್ತೇನೆ. ಹೆಚ್ಚಿನವರು ಸ್ವಲ್ಪ ಹೊತ್ತು ಯೋಚಿಸಿ ಆಸೆಯೆಂದೇ ಬರೆಸುತ್ತಾರೆ.

ಜವಾಹರಲಾಲ್ ನೆಹರೂ 1930ರ ಅಕ್ಟೋಬರ್‌ನಲ್ಲಿ ನೈನಿ ಜೈಲಿನಿಂದ ಮಗಳು ಇಂದಿರಾಳ ಹದಿಮೂರನೆಯ ಹುಟ್ಟುಹಬ್ಬಕ್ಕೆ ಬರೆದ ಪತ್ರ ನನಗೆ ಈ ವಿಷಯದಲ್ಲಿ ತುಂಬಾ ಹತ್ತಿರದ್ದು. ಜೈಲಿನಿಂದ ಬೇರೆ ಉಡುಗೊರೆ ಕಳಿಸಲಾರೆ ಎಂದು ಆರಂಭಿಸುವ ಅವರು, ಉಪದೇಶಕ್ಕಿಂತ ಕೂಡಿ ಮಾತಾಡುವುದರಿಂದಲೇ ಸರಿ ತಪ್ಪು ತಿಳಿಯುತ್ತದೆ ಎನ್ನುತ್ತಾರೆ. ಪತ್ರವಾದರೋ ಒಂದೇ ಕಡೆಯ ಮಾತು, ಆದ್ದರಿಂದ ತಾನು ಹೇಳಿದ್ದನ್ನು ಕಹಿ ಗುಳಿಗೆಯಂತೆ ನುಂಗದೆ, ಯೋಚಿಸಲು ಕೊಟ್ಟ ಸಲಹೆಯೆಂದು ತಿಳಿ ಎಂದು ಮಗಳಿಗೆ ಒಪ್ಪದಿರುವ ಸ್ವಾತಂತ್ರ್ಯ ಕೊಡುತ್ತಾರೆ. ಮುಂದೆ ಅವರೂ ಬುದ್ಧಿಮಾತು ಹೇಳುತ್ತಾರೆ, ತಂದೆಯಾದವನು ಹೇಳದೆ ಇರಲಾರ. ಆದರೆ ಆ ಸ್ವಾತಂತ್ರ್ಯವನ್ನು ಮೊದಲೇ ಕೊಟ್ಟಿರುವುದು ದೊಡ್ಡದು.

ಏನನ್ನು ಬರೆಯಬೇಕು ಎಂಬುದಕ್ಕೆ ನನಗೆ ಹೆಚ್ಚು ನೆರವಾದದ್ದು ಕೆನಡಾದ ವಿನಿಪೆಗ್ ನಗರದ ಮನೋವೈದ್ಯ ಹಾರ್ವಿ ಮ್ಯಾಕ್ಸ್ ಚೊಚಿನೊವ್ ರೂಪಿಸಿದ 'ಡಿಗ್ನಿಟಿ ಥೆರಪಿ', ಅಂದರೆ ಘನತೆಯ ಚಿಕಿತ್ಸೆ, ಎಂಬ ಕ್ರಮ. ಕೊನೆಯ ಹಂತದಲ್ಲಿರುವವರಿಗೆ ಕೆಲವು ಪ್ರಶ್ನೆ ಕೇಳಿ, ಅವರ ಮಾತನ್ನು ಧ್ವನಿಮುದ್ರಿಸಿ, ಅಕ್ಷರಕ್ಕಿಳಿಸಿ, ತಿದ್ದಿ, ಅವರಿಗೇ ಓದಿ ಹೇಳಿ, ಅವರು ಒಪ್ಪಿದ ಮೇಲೆ ಮನೆಯವರಿಗಾಗಿ ಕೊಡುತ್ತಾರೆ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಾಲ್ಗೊಂಡ 100 ಮಂದಿಯಲ್ಲಿ 91 ಮಂದಿ ತೃಪ್ತಿ ವ್ಯಕ್ತಪಡಿಸಿದ್ದರು, 76 ಮಂದಿ ತಮ್ಮ ಘನತೆಯ ಭಾವ ಹೆಚ್ಚಿತೆಂದಿದ್ದರು. ಆ ಪ್ರಶ್ನೆಗಳು ತೀರಾ ಸರಳ: ನಿಮ್ಮ ಬದುಕಿನಲ್ಲಿ ಹೆಚ್ಚು ನೆನಪಿರುವುದು ಯಾವುದು, ಯಾವುದರ ಬಗ್ಗೆ ನಿಮಗೆ ಹೆಮ್ಮೆ, ಮನೆಯವರು ನಿಮ್ಮ ಬಗ್ಗೆ ಏನನ್ನು ತಿಳಿದಿರಬೇಕು, ಅವರ ಬಗ್ಗೆ ನಿಮ್ಮ ಕನಸೇನು. ಕಾಗದದ ಮುಂದೆ ತೋಚದೆ ಕುಳಿತವರಿಗೆ ಇವುಗಳಲ್ಲಿ ಮೊದಲನೆಯದೊಂದೇ ಸಾಕಾಗುತ್ತದೆ.

ನನ್ನ ಅನುಭವದಲ್ಲಿ ಉತ್ತರಗಳು ಚಿಕ್ಕ ಸಂಗತಿಗಳಾದಷ್ಟೂ ಪತ್ರ ಉಸಿರಾಡುತ್ತದೆ. ಮಗು ಹುಟ್ಟಿದ ರಾತ್ರಿ ಯಾರು ಯಾರು ಆಸ್ಪತ್ರೆಯ ಬಾಗಿಲಲ್ಲಿ ಕಾದಿದ್ದರು, ಹೆಸರು ಇಟ್ಟವರಾರು ಮತ್ತು ಬೇಡವೆಂದು ಬಿಟ್ಟ ಹೆಸರು ಯಾವುದು, ಮೂರು ವರ್ಷದಲ್ಲಿ ಅದು ಯಾವ ಮಾತನ್ನು ತೊದಲುತ್ತಿತ್ತು, ಅಜ್ಜಿಯ ಊರಿನ ಮನೆ ಮಾರುವಾಗ ಮನೆಯಲ್ಲಿ ಏನು ನಡೆಯಿತು, ಸಾರಿನ ಪುಡಿಗೆ ಕೊತ್ತಂಬರಿ ಎಷ್ಟು. ಮನೆತನದಲ್ಲಿ ಸಕ್ಕರೆ ಕಾಯಿಲೆಯೋ ಹೃದಯದ ಕಾಯಿಲೆಯೋ ಇದ್ದರೆ ಅದನ್ನೂ ಬರೆಯಿರಿ, ಮುಂದೆ ವೈದ್ಯರು ಕೇಳಿದಾಗ ಮಕ್ಕಳಿಗೆ ಬೇಕಾಗುತ್ತದೆ. ಹೊಗಳುವುದಾದರೆ "ನೀನು ಬಂಗಾರದಂಥ ಮಗು" ಎಂದು ನಿಲ್ಲಿಸದೆ, ಯಾವ ದಿನ ಯಾವ ಕೆಲಸಕ್ಕೆ ಹಾಗನ್ನಿಸಿತು ಎಂದು ಹೇಳಿ. ಕ್ಷಮೆ ಕೇಳುವುದಿದ್ದರೆ ಮಾತ್ರ ಪತ್ರಕ್ಕೆ ಬಿಡಬೇಡಿ, ಇಂದೇ ಎದುರಿಗೆ ಕೇಳಿ. ಓದಿದವರಿಗೆ "ಪರವಾಗಿಲ್ಲ ಅಮ್ಮಾ" ಎನ್ನುವ ಅವಕಾಶ ಇರಬೇಕು.

ನಾವಿಲ್ಲದ ದಿನಕ್ಕೆಂದು ಪತ್ರ ಬರೆದಿಡುವ ಮಾತೆತ್ತಿದರೆ "ಬಿಡ್ತು ಅನ್ನಿ" ಎಂದು ಬಾಯಿ ಮುಚ್ಚಿಸುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. ಅವರ ಭಯವನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೆ ವಿಮೆ ಮಾಡಿಸುವಾಗ ಅದೇ ಹಿರಿಯರು ನಾಮಿನಿಯ ಹೆಸರನ್ನು ನಿಶ್ಚಿಂತೆಯಿಂದ ಬರೆಸಿರುತ್ತಾರೆ, ಅದರಿಂದ ಯಾರಿಗೂ ಕೆಡುಕಾಗಿಲ್ಲ. ನಾವೇ ಬದುಕಿದ್ದು ಮಗಳ ಪಕ್ಕದಲ್ಲಿ ಕುಳಿತು ಆ ಪತ್ರ ಓದುವಂತಾದರೆ ಅದಕ್ಕಿಂತ ಭಾಗ್ಯವಿಲ್ಲ.

ಭಾಷೆಯ ಪ್ರಶ್ನೆ ಹೆಚ್ಚಾಗಿ ಬರುವುದು ಮೊಮ್ಮಕ್ಕಳು ವಿದೇಶದಲ್ಲಿರುವವರಿಂದ. ಮೊಮ್ಮಗಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಆಗಲೂ ನಿಮ್ಮ ಮನೆಯ ಕನ್ನಡದಲ್ಲೇ ಬರೆಯಿರಿ, ಅದನ್ನು ನೀವೇ ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಡಿ. ಹರುಕು ಇಂಗ್ಲಿಷಿನಲ್ಲಿ ಅಳೆದು ತೂಗಿ ಬರೆದ ಪತ್ರದಲ್ಲಿ ಅಜ್ಜಿ ಕಾಣಿಸುವುದಿಲ್ಲ.

ಬರೆದದ್ದು ಉಳಿಯುವುದು ಬೇರೆಯೇ ಚಿಂತೆ. ಕಂಪ್ಯೂಟರಿನಲ್ಲಿ ಹಳೆಯ 'ನುಡಿ', 'ಬರಹ' ತಂತ್ರಾಂಶಗಳ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಬೇರೆ ಬೇರೆ ಕಂಪ್ಯೂಟರು, ಮೊಬೈಲುಗಳಲ್ಲಿ ಒಂದೇ ರೀತಿ ತೆರೆದುಕೊಳ್ಳುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲೇ ಬರೆಯಿರಿ, ಒಂದು ಪ್ರತಿ ಮುದ್ರಿಸಿಡಿ. ಇಮೇಲ್‌ನಲ್ಲಿ ಇಡುವವರು, ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು ಎಂಬುದನ್ನು ಮರೆಯಬಾರದು. ಖಾತೆ ನಿಷ್ಕ್ರಿಯವಾದಾಗ ಮಾಹಿತಿಯನ್ನು ನಂಬಿಕೆಯ ಹತ್ತು ಮಂದಿಯವರೆಗೆ ತಲುಪಿಸುವ ಅನುಕೂಲವನ್ನು ಅದೇ ಸಂಸ್ಥೆ 2013ರಿಂದ ಕೊಟ್ಟಿದೆ, ಆದರೆ ಅದನ್ನು ನಾವೇ ಹೊಂದಿಸಿಡಬೇಕು. ನನಗೆ ಕೈಬರಹವೇ ಇಷ್ಟ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಇರುವವರು ಮಳೆಗಾಲದ ತೇವ ಮತ್ತು ಗೆದ್ದಲನ್ನು ನೆನೆದು ಕಬ್ಬಿಣದ ಬೀರುವಿನಲ್ಲಿಡಲಿ.

ಪತ್ರದಲ್ಲಿ ಜಮೀನು, ಒಡವೆಗಳ ಹಂಚಿಕೆ ಬೇಡ. ಉಯಿಲಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಇಬ್ಬರು ಸಾಕ್ಷಿಗಳ ಸಹಿ ಬೇಕು; ಸಾಕ್ಷಿಯಿಲ್ಲದ ಪತ್ರದಲ್ಲಿ ಸರ ಯಾರಿಗೆಂದು ಬರೆದರೆ ಮಕ್ಕಳ ನಡುವೆ ಮನಸ್ತಾಪ ಮಾತ್ರ ಉಳಿಯುತ್ತದೆ.

ಲಕೋಟೆಯ ಮೇಲೆ ಹೆಸರು, ಬರೆದ ತಾರೀಖು, ಯಾವ ವಯಸ್ಸಿನಲ್ಲಿ ಕೊಡಬೇಕು ಎಂಬುದಿರಲಿ. "ಮದುವೆಯ ದಿನ", "ಮೊದಲ ಮಗು ಹುಟ್ಟಿದಾಗ" ಎಂದು ಬರೆಯಬೇಡಿ, ಆ ದಿನಗಳು ಬಾರದೆಯೂ ಹೋಗಬಹುದು. ಪತ್ರ ಎಲ್ಲಿದೆಯೆಂದು ಇಬ್ಬರಿಗಾದರೂ ತಿಳಿಸಿ, ಮಗು ಅದಕ್ಕೂ ಮೊದಲೇ ಕೇಳಿದರೆ ಕೊಟ್ಟುಬಿಡಲು ಹೇಳಿಡಿ.