ಕಾರು ಓಡುವ ಕೆರೆಯ ಮೇಲೆ ಗಾಳ

ಮಂಡ್ಯದ ನಾಲೆ ಬದಿ ಬೆಳೆದವರಿಗೆ ಗಾಳ ಹಾಕೋದು ಹೊಸದಲ್ಲ. ಬಿದಿರು ಕಡ್ಡಿ, ಬೆಂಡು, ಎರೆಹುಳ ಇದ್ದರೆ ಆಯ್ತು. ಜನವರಿಯಲ್ಲಿ ಅಮೆರಿಕದ ಮಿನ್ನೆಸೋಟಕ್ಕೆ ಅಕ್ಕನ ಮನೆಗೆ ಹೋಗಿದ್ದಾಗ, ಪಾಂಡವಪುರದ ಕಡೆಯವರೇ ಆದ ನಮ್ಮ ಭಾವ ಮಿಲ್ ಲ್ಯಾಕ್ಸ್ ಕೆರೆಗೆ ಕರೆದುಕೊಂಡು ಹೋದರು.

ಕನ್ನಂಬಾಡಿ 124.80 ಅಡಿ ತುಂಬಿತಾ ಅಂತ ಪೇಪರ್ ನೋಡೋ ನಮಗೆ ಈ ಕೆರೆ ಅಚ್ಚರಿಯೇ. ಆಳ ಹೆಚ್ಚೆಂದರೆ 42 ಅಡಿ, ಆದರೆ ಹರವು 500 ಚದರ ಕಿಲೋಮೀಟರ್ ದಾಟುತ್ತೆ, ಅಂದರೆ ತುಂಬಿದ ಕನ್ನಂಬಾಡಿಯ ನಾಲ್ಕು ಪಟ್ಟು. ಅಷ್ಟೂ ಬಿಳಿ. ಅದರ ಮೇಲೆ ಕಾರುಗಳು, ಗುಡಿಸಲುಗಳು.

ಗಟ್ಟಿಯಾದ ತಿಳಿ ಐಸು ಕನಿಷ್ಠ 4 ಇಂಚು ಇದ್ದರೆ ನಡೆಯಬಹುದು, ಸಣ್ಣ ಕಾರಿಗೆ 9-10 ಇಂಚು ಬೇಕು. ಹಿಮ ಬೆರೆತ ಬಿಳಿ ಐಸನ್ನು ಅಷ್ಟು ನಂಬಬಾರದು, ಅದಕ್ಕೆ ಅರ್ಧದಷ್ಟೇ ಬಲ. ಭಾವ ಅಲ್ಲಲ್ಲಿ ಕೊರೆದು ದಪ್ಪ ನೋಡಿಯೇ ಮುಂದೆ ಹೋದರು. ಬ್ಯಾಟರಿ ಡ್ರಿಲ್ಲು ಬೋರ್‌ವೆಲ್ ಕೊರೆದ ಹಾಗೆ ಐಸಿನ ಪುಡಿ ಉಗುಳುತ್ತಾ ಇಳಿಯಿತು, ಕೊನೆಗೆ ಕಪ್ಪು ನೀರು ಬುಳಕ್ ಅಂತ ಮೇಲೆ ಬಂತು. ಅಷ್ಟು ಹೊತ್ತಿಗೆ ಊರಲ್ಲಿ ರಾತ್ರಿ ಎಂಟೂವರೆ. ಚಿಕ್ಕಪ್ಪನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ.

"ಇಡೀ ಕೆರೆ ಹೆಪ್ಪುಗಟ್ಟಿದ್ರೆ ಮೀನು ಬದುಕೋದು ಹೆಂಗಪ್ಪಾ?" ಅಂದ್ರು.

ಒಳ್ಳೆ ಪ್ರಶ್ನೆ, ಅಲ್ವಾ? ನೀರು 4 ಡಿಗ್ರಿಯಲ್ಲಿ ಅತಿ ಭಾರ, ಹಾಗಾಗಿ ಅದು ತಳಕ್ಕೆ ಇಳಿಯುತ್ತೆ. ಅದಕ್ಕಿಂತ ತಣ್ಣಗಾದದ್ದು ಹಗುರ, ಮೇಲೆಯೇ ಉಳಿದು ಅಲ್ಲೇ ಐಸಾಗುತ್ತೆ. ಆ ಐಸೇ ಕೆಳಗಿನ ನೀರನ್ನು ಚಳಿಯಿಂದ ಕಾಯುತ್ತೆ. ಮೀನು ಮಂದವಾಗುತ್ತವೆ, ಕಮ್ಮಿ ತಿನ್ನುತ್ತವೆ, ಆದರೆ ಸಾಯಲ್ಲ.

ಗಾಳದ ಕೋಲು ಎರಡಡಿ ಉದ್ದ ಅಷ್ಟೇ, ಎರೆಗೆ ಜೀವಂತ ಮೀನುಮರಿ. ದಾರವನ್ನು ತಳಕ್ಕೆ ಬಿಟ್ಟು ಸ್ವಲ್ಪ ಮೇಲೆತ್ತಿ ಮೆಲ್ಲಗೆ ಕುಣಿಸುತ್ತಾ ಇರಬೇಕು. ನೋಡ್ತಾ ನೋಡ್ತಾ ತೂತಿನ ಬಾಯಿಗೆ ಐಸಿನ ಕೆನೆ ಕಟ್ಟುತ್ತೆ, ಅದನ್ನು ತೂತಿರುವ ಸಟ್ಟುಗದಲ್ಲಿ ತೆಗೀತಾ ಇರಬೇಕು. ದಾರದ ಮೇಲೂ ಸಣ್ಣ ಸಣ್ಣ ಐಸಿನ ಮಣಿಗಳು. ವಾಲ್‌ಐ ಮೀನು ಹೆಚ್ಚಾಗಿ ಬೆಳಗಾಗುವಾಗ, ಮುಸ್ಸಂಜೆಗೆ ಕಚ್ಚುತ್ತೆ. ಹಗಲಲ್ಲಿ ನನಗೆ ಸಿಕ್ಕಿದ್ದು ಹಳದಿ ಪರ್ಚ್. ಮೈ ಮೇಲೆ ಕಡು ಹಸಿರು ಪಟ್ಟೆ, ಹೊಟ್ಟೆ ಕಡೆಯ ರೆಕ್ಕೆಗಳು ಕಿತ್ತಳೆ ಬಣ್ಣ. ಐಸಿನ ಮೇಲೆ ಇಟ್ಟ ಸ್ವಲ್ಪ ಹೊತ್ತಿಗೆ ಬಾಲ ಸೆಟೆದುಕೊಂಡಿತು. ಫೋನಲ್ಲಿ ಚಿಕ್ಕಪ್ಪ ಊಟ ಬಿಟ್ಟು ಎದ್ದು ನಿಂತಿದ್ದರು.

ಆ ಕಡೆ ಹೋಗೋರು ಸುಮ್ನೆ ಗಾಳ ಹಾಕಬೇಡಿ, ಪ್ರವಾಸಿಗರಿಗೂ ಲೈಸೆನ್ಸ್ ಬೇಕು. ಜಾಗ ಬಲ್ಲವರ ಜೊತೆಗೇ ಹೋಗಿ.