ಮಾರ್ಚಿನಲ್ಲಿ ಕಛ್‌ನ ಬಿಳಿ ರಣ್‌ಗೆ ಹೊರಟವರಿಗೆ

ಮರುಭೂಮಿ ನೋಡಬೇಕು ಅಂದ ಕೂಡಲೇ ನಮ್ಮ ಕಡೆ ಎಲ್ಲರೂ ಹೇಳುವುದು ಜೈಸಲ್ಮೇರ್. ಆದರೆ ಕಾಸರಗೋಡು, ಮಂಜೇಶ್ವರದವರಿಗೆ ಗುಜರಾತಿನ ಕಛ್ ಸುಲಭ. ಅಲ್ಲಿನ ರಣ್ ಅಂದರೆ ಬಿಳಿ ಉಪ್ಪಿನ ಬಯಲು. ನಾಗರಕೋಯಿಲ್–ಗಾಂಧಿಧಾಮ ರೈಲು ವಾರಕ್ಕೊಮ್ಮೆ ಕೊಂಕಣ ದಾರಿಯಲ್ಲಿ ಹೋಗುತ್ತದೆ. ಮಂಗಳೂರು ಜಂಕ್ಷನ್‌ನಲ್ಲಿ ಹತ್ತಿ ಕೂತರೆ ನಡುವೆ ರೈಲು ಬದಲಿಸುವ ರಗಳೆ ಇಲ್ಲ. ಗಾಂಧಿಧಾಮದಿಂದ ಕಛ್‌ನ ಮುಖ್ಯ ಪಟ್ಟಣ ಭುಜ್‌ಗೆ ಸುಮಾರು 60 ಕಿ.ಮೀ. ಇರುವುದು ವಾರಕ್ಕೊಂದೇ ರೈಲು ಅಲ್ವಾ, ಮೊದಲು ವಾಪಸ್ ಟಿಕೆಟ್ ಸಿಗುತ್ತದಾ ನೋಡಿ. ರೂಮಿನ ಮಾತು ಆಮೇಲೆ.

ಮಳೆಗಾಲದಲ್ಲಿ ರಣ್ ಪೂರ್ತಿ ನೀರು. ಅದು ಆರಿ ಉಪ್ಪು ಕಟ್ಟುವಾಗ ಚಳಿಗಾಲ ಬಂದಿರುತ್ತದೆ. ಜನ ಮುಗಿಬೀಳುವುದೂ ಆಗಲೇ, ರಣ್ ಉತ್ಸವಕ್ಕೆ. ನನ್ನನ್ನು ಕೇಳಿದರೆ ಶಿವರಾತ್ರಿ ಕಳೆದು ಹೋಳಿ ಹುಣ್ಣಿಮೆಯ ಆಸುಪಾಸು ಹೊರಡಿ. ನೆಲ ಗಟ್ಟಿಯಾಗಿರುತ್ತದೆ, ಗದ್ದಲ ಕಡಿಮೆ, ರೂಮಿಗೆ ಚೌಕಾಸಿಯೂ ನಡೆಯುತ್ತದೆ. ವಿಷು ಕಳೆಯಲಿ ಅಂತ ಕಾದರೆ ಮಾತ್ರ ಬೆಂದುಹೋಗುತ್ತೀರಿ.

ಅಲ್ಲಿನ ಬಿಸಿಲು ನಮ್ಮ ಸೆಕೆಯ ಹಾಗಲ್ಲ. ಇಲ್ಲಿ ಅಂಗಿ ಒದ್ದೆಯಾದರೆ ನೀರಿನ ನೆನಪಾಗುತ್ತದೆ. ಅಲ್ಲಿ ಬೆವರಿದ್ದೇ ಗೊತ್ತಾಗುವುದಿಲ್ಲ, ಒಣ ಗಾಳಿ ಆಗಲೇ ಎಳೆದುಕೊಂಡಿರುತ್ತದೆ. ಬಾಯಾರಲಿ ಬಿಡಲಿ, ಆಗಾಗ ಕುಡಿಯುತ್ತಿರಿ. ಊಟಕ್ಕೆ ಛಾಸ್ ಕೊಡುತ್ತಾರೆ, ನಮ್ಮ ಮಜ್ಜಿಗೆಯೇ. ಬೇಡ ಅನ್ನಬೇಡಿ. ರಣ್‌ನಲ್ಲಿ ಕೊಡೆ ಹಿಡಿದರೂ ಸಾಲದು, ಉಪ್ಪಿಗೆ ಬಡಿದ ಬೆಳಕು ಕೆಳಗಿನಿಂದ ಮುಖಕ್ಕೆ ಹೊಡೆಯುತ್ತದೆ. ಕಪ್ಪು ಕನ್ನಡಕ ಬೇಕೇ ಬೇಕು.

ಭುಜ್‌ನಿಂದ ರಣ್ ಅಂಚಿನ ಹಳ್ಳಿ ಧೋರ್ಡೊಗೆ ಸುಮಾರು 80 ಕಿ.ಮೀ. ಟ್ಯಾಕ್ಸಿಯೇ ಅನುಕೂಲ. ಗಡಿ ಪ್ರದೇಶವಾದ್ದರಿಂದ ಪರ್ಮಿಟ್ ಬೇಕು. ದಾರಿಯಲ್ಲಿ ಸಿಗುವ ಭಿರಂಡಿಯಾರಾದ ಚೆಕ್‌ಪೋಸ್ಟಿನಲ್ಲಿ ಮಾಡಿಸಬಹುದು, ಆನ್‌ಲೈನಿನಲ್ಲೂ ಸಿಗುತ್ತದೆ. ಎಲ್ಲರ ಗುರುತಿನ ಚೀಟಿ, ಜೊತೆಗೊಂದು ಜೆರಾಕ್ಸ್ ಕೈಯಲ್ಲಿರಲಿ. ದಾರಿಯುದ್ದಕ್ಕೂ ಬನ್ನಿ ಹುಲ್ಲುಗಾವಲು. ಹುಲ್ಲುಗಾವಲು ಅನ್ನುವುದು ಹೆಸರಿಗೆ, ಬಹಳ ಕಡೆ ಬಳ್ಳಾರಿ ಜಾಲಿಯೇ ತುಂಬಿಕೊಂಡಿದೆ. ನಡುನಡುವೆ ಕೊಂಬು ಸುರುಳಿ ಸುತ್ತಿದ ಬನ್ನಿ ಎಮ್ಮೆಗಳು.

ಮಧ್ಯಾಹ್ನ ರಣ್‌ಗೆ ಇಳಿಯಲೇಬೇಡಿ. ಸಂಜೆ ಐದರ ಹೊತ್ತಿಗೆ ಹೋದರೆ ಸಾಕು, ಸೂರ್ಯ ಮುಳುಗುವುದು ಏಳರ ಹತ್ತಿರ. ದೂರಕ್ಕೆ ಹಾಸಿದಂತೆ ಕಾಣುವ ಬಿಳುಪು ಹತ್ತಿರ ಹೋದರೆ ಬೇರೆಯೇ. ನೆಲವೆಲ್ಲ ಬಿರಿದು ಐದು, ಆರು ಮೂಲೆಯ ಹೋಳುಗಳಾಗಿರುತ್ತದೆ. ಅಂಚುಗಳಲ್ಲಿ ಉಪ್ಪು ಎದ್ದು ನಿಂತಿರುತ್ತದೆ, ಕಾಲಿಟ್ಟರೆ ಕರಕರ ಮುರಿಯುತ್ತದೆ. ಕೆಲವು ಕಡೆ ಅಡಿಯಲ್ಲಿ ಇನ್ನೂ ಕಪ್ಪು ಕೆಸರು. ಜನ ನಡೆದ ಜಾಗ ಬಿಟ್ಟು ಫೋಟೋಕ್ಕೆ ಅಂತ ದೂರ ಹೋಗಬೇಡಿ. ಚರ್ಮದ ಚಪ್ಪಲಿ ಮನೆಯಲ್ಲೇ ಇರಲಿ, ರಬ್ಬರಿನದ್ದಾದರೆ ತೊಳೆದರೆ ಆಯಿತು. ಒಂಟೆ ಗಾಡಿ ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ. ಹುಣ್ಣಿಮೆಯಾದರೆ ಬೆಳದಿಂಗಳಲ್ಲಿ ರಣ್ ನೋಡಲು ಹತ್ತಿರದ ಹೋಡ್ಕಾದಲ್ಲೋ ಧೋರ್ಡೊದಲ್ಲೋ ಉಳಿಯಿರಿ.

ಇನ್ನೊಂದು ದಿನ ಧೋಲಾವೀರಾಕ್ಕೆ ಇಡಿ. 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹರಪ್ಪಾ ಕಾಲದ ಊರು. ಖಾವ್ಡಾ ದಾಟಿದ ಮೇಲೆ ರಸ್ತೆ ರಣ್‌ನ ನಡುವೆಯೇ ಹೋಗುತ್ತದೆ, ಎರಡೂ ಕಡೆ ಉಪ್ಪು. ಪೆಟ್ರೋಲು, ನೀರು ಮೊದಲೇ ತುಂಬಿಸಿಕೊಳ್ಳಿ. ಊರಿನ ಎರಡು ಬದಿಯ ಮಳೆಗಾಲದ ತೋಡುಗಳಿಗೆ ಒಡ್ಡು ಕಟ್ಟಿ, ಬಂಡೆ ಕೊರೆದ ಕೆರೆಗಳಿಗೆ ನೀರು ತಿರುಗಿಸುತ್ತಿದ್ದರಂತೆ. ಗುಡ್ಡಕ್ಕೆ ಸುರಂಗ ಕೊರೆದು ನೀರು ತರುವ ನಮ್ಮ ಊರಿನವರು ಆ ಕೆರೆಗಳ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಾರೆ, ನೋಡಿ. ಕೋಟೆ ಗೋಡೆಗಿಂತ ನನಗೂ ಅವೇ ಹಿಡಿಸಿದವು.

ಸಾಮಾನು ಕೊಳ್ಳುವುದಿದ್ದರೆ ನೇಕಾರರ ಊರು ಭುಜೋಡಿ, ಅಚ್ಚೊತ್ತಿದ ಅಜ್ರಖ್ ಬಟ್ಟೆಗೆ ಅಜ್ರಖ್‌ಪುರ. ಎರಡೂ ಭುಜ್ ಪಕ್ಕದಲ್ಲೇ. ಭಿರಂಡಿಯಾರಾದ ಮಾವಾ ಅಂದರೆ ಹಾಲು ಕಾಯಿಸಿ ಇಂಗಿಸಿದ ಸಿಹಿ, ತುಂಬ ಚೆನ್ನಾಗಿರುತ್ತದೆ. ಊರಿಗೆ ಮಾತ್ರ ಕಟ್ಟಿಸಿಕೊಳ್ಳಬೇಡಿ, ರೈಲಿನ ಸೆಕೆಗೆ ಹಳಸುತ್ತದೆ. ಅಲ್ಲೇ ತಿಂದು ಮುಗಿಸಿ.